ಬೌದ್ಧಿಕ ವಿಕಲತೆ, ಆಟಿಸಂ, ಎಡಿಎಚ್‌ಡಿ ಇರುವವರ ಆರೋಗ್ಯದ ಮಾಹಿತಿ ಸಂಗ್ರಹಿಸುವುದು ಹೇಗೆ?

ವಿಶೇಷ ಶಾಲೆಯ ಟೀಚರ್‌ಗಳು, ಹೆತ್ತವರ ಸಂಘದವರು, ಪಂಚಾಯಿತಿಯಲ್ಲಿ ಕೆಲಸ ಮಾಡುವ ವಿಆರ್‌ಡಬ್ಲ್ಯುಗಳು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ನಮ್ಮ ತಾಲ್ಲೂಕಿನಲ್ಲಿ ಇಂಥವರು ಎಷ್ಟು ಜನ ಇದ್ದಾರೆ, ಅವರ ಆರೋಗ್ಯ ಹೇಗಿದೆ ಅಂತ ಒಂದು ಲೆಕ್ಕ ತೆಗೀಬೇಕು. ಫಾರಂ ಇದ್ರೆ ಕಳಿಸ್ತೀರಾ?"

ಫಾರಂ ಕಳಿಸುವುದು ಸುಲಭ. ಆದರೆ ನನ್ನ ಕೈಗೆ ಬಂದ ತುಂಬಿದ ಫಾರಂಗಳಲ್ಲಿ ಸಾಮಾನ್ಯವಾಗಿ ಇರುವುದು ನಾಲ್ಕೇ ವಿಷಯ: ಹೆಸರು, ವಯಸ್ಸು, ವಿಕಲತೆ ಯಾವುದು, ಶೇಕಡಾ ಎಷ್ಟು. ಹುಡುಗನ ಹಲ್ಲು ಹೇಗಿದೆ? ಕಿವಿ ಕೇಳುತ್ತಾ? ಫಿಟ್ಸ್ ಬರುತ್ತಾ? ರಾತ್ರಿ ನಿದ್ದೆ ಮಾಡ್ತಾನಾ? ಒಂದೂ ಇರುವುದಿಲ್ಲ. ಅದು ವಿಕಲತೆಯ ಪಟ್ಟಿಯಾಯಿತು, ಆರೋಗ್ಯದ ಮಾಹಿತಿ ಆಗಲಿಲ್ಲ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಈ ಜನ ಸಾಯುವುದು ತಮ್ಮ ವಿಕಲತೆಯಿಂದಲ್ಲ. ಎಷ್ಟೋ ಸಲ ಬೇರೆ ಕಾಯಿಲೆ ಯಾರ ಕಣ್ಣಿಗೂ ಬೀಳದೆ ಸಾಯುತ್ತಾರೆ. ಇಂಗ್ಲೆಂಡಿನಲ್ಲಿ ಬೌದ್ಧಿಕ ವಿಕಲತೆ ಇದ್ದವರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 2013ರಲ್ಲಿ ಒಂದು ವರದಿ ಬಂತು. ಉಳಿದವರಿಗೆ ಹೋಲಿಸಿದರೆ ಗಂಡಸರು ಸುಮಾರು 13 ವರ್ಷ, ಹೆಂಗಸರು ಸುಮಾರು 20 ವರ್ಷ ಮುಂಚೆ ತೀರಿಕೊಳ್ಳುತ್ತಿದ್ದರು. ಕಾಯಿಲೆ ಪತ್ತೆಯಾಗುವುದರಲ್ಲಿ, ಚಿಕಿತ್ಸೆ ಸಿಗುವುದರಲ್ಲಿ ಆಗುತ್ತಿದ್ದ ತಡ ಇದಕ್ಕೆ ದೊಡ್ಡ ಕಾರಣ. ಅಲ್ಲಿ ಅದು ಗೊತ್ತಾಗಿದ್ದು ಯಾರೋ ಕೂತು ಬರೆದಿಟ್ಟಿದ್ದರಿಂದ. ನಮ್ಮಲ್ಲಿ 2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರನ್ನು ಎಣಿಸಿತು. ಅದರಲ್ಲಿ ಆಟಿಸಂಗೆ ಪ್ರತ್ಯೇಕ ಕಾಲಂ ಇರಲಿಲ್ಲ. ಎಡಿಎಚ್‌ಡಿಗೂ ಇರಲಿಲ್ಲ. ಹಾಗಾಗಿ ನಿಮ್ಮ ತಾಲ್ಲೂಕಿನ ಲೆಕ್ಕ ನೀವೇ ತೆಗೆಯಬೇಕು.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ತೂಕದ ಮೆಷಿನ್, ಅಳತೆ ಟೇಪು, ಟಾರ್ಚ್, ಸಾಧ್ಯವಾದರೆ ಬಿಪಿ ಮೆಷಿನ್, ಚಿತ್ರದ ಕಾರ್ಡುಗಳು, ಬೀಗ ಹಾಕುವ ಒಂದು ಪೆಟ್ಟಿಗೆ. ಜೊತೆಗೆ ಒಬ್ಬ ಡಾಕ್ಟರು. ಮನೆಮನೆಗೆ ಅವರು ಬರಬೇಕಾಗಿಲ್ಲ, ನಿಮ್ಮ ಪ್ರಶ್ನೆಗಳನ್ನು ಒಮ್ಮೆ ಓದಿ, ಅನುಮಾನ ಬಂದಾಗ ಫೋನ್ ಎತ್ತಿದರೆ ಸಾಕು.

1. ಯಾಕೆ ಬೇಕು ಅಂತ ಮೊದಲು ಒಂದು ಸಾಲು ಬರೆಯಿರಿ

"ಮಾಹಿತಿ ಇರಲಿ ಅಂತ" ಎನ್ನುವುದು ಕಾರಣವಲ್ಲ. "ನಮ್ಮ ಹೋಬಳಿಯಲ್ಲಿ ಹಲ್ಲಿನ ಡಾಕ್ಟರ ಶಿಬಿರ ಬೇಕು ಅಂತ ಕೇಳಲು" ಎನ್ನುವುದು ಕಾರಣ. "ಫಿಟ್ಸ್ ಮಾತ್ರೆ ನಿಲ್ಲಿಸಿರುವವರು ಯಾರು ಅಂತ ತಿಳಿಯಲು" ಎನ್ನುವುದೂ ಕಾರಣ. ಆ ಸಾಲು ಫಾರಂನ ತಲೆಯ ಮೇಲೆ ಇರಲಿ. ಪ್ರತಿ ಪ್ರಶ್ನೆ ಬರೆಯುವಾಗಲೂ ಅದನ್ನು ನೋಡಿ. ಅದಕ್ಕೆ ಸಂಬಂಧ ಇಲ್ಲದ ಪ್ರಶ್ನೆಯನ್ನು ತೆಗೆದುಬಿಡಿ. ಜಾತಿ, ಆದಾಯ, ಆಧಾರ್ ನಂಬರ್ ಎಲ್ಲ ಅಭ್ಯಾಸಬಲದಿಂದ ಫಾರಂಗೆ ಬಂದು ಕೂರುತ್ತವೆ. ಆಧಾರ್ ಅಂತೂ ಬೇಡವೇ ಬೇಡ.

2. ಯಾರು ಈ ಲೆಕ್ಕಕ್ಕೆ ಬರುತ್ತಾರೆ?

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಇಂಗ್ಲೆಂಡಿನ ಕಾಗದಗಳಲ್ಲಿ ‘ಲರ್ನಿಂಗ್ ಡಿಸೆಬಿಲಿಟಿ’ ಅಂದರೆ ನಾವು ಹೇಳುವ ಬೌದ್ಧಿಕ ವಿಕಲತೆ, ಹಿಂದೆ ಬುದ್ಧಿಮಾಂದ್ಯತೆ ಅನ್ನುತ್ತಿದ್ದದ್ದು. ನಮ್ಮ ದೇಶದಲ್ಲಿ ಅದೇ ಮಾತಿಗೆ ಬೇರೆ ಅರ್ಥ: ಕಲಿಕಾ ನ್ಯೂನತೆ. ಅಂದರೆ ಬುದ್ಧಿ ಚುರುಕಾಗಿಯೇ ಇದ್ದು ಓದು, ಬರಹ, ಲೆಕ್ಕದಲ್ಲಿ ಮಾತ್ರ ತೊಡಕು ಇರುವುದು. ಅಲ್ಲಿಯ ಫಾರಂ ತಂದು ಇಲ್ಲಿ ಅನುವಾದಿಸಿದರೆ ಇವೆರಡೂ ಕಲಸುಮೇಲೋಗರ ಆಗುತ್ತವೆ. ಅದಕ್ಕೇ ಫಾರಂನಲ್ಲಿ ನಾಲ್ಕು ಬೇರೆ ಬೇರೆ ಚೌಕ ಇರಲಿ.

ಬೌದ್ಧಿಕ ವಿಕಲತೆ: ಐಕ್ಯು ಸುಮಾರು 70ಕ್ಕಿಂತ ಕಡಿಮೆ, ಜೊತೆಗೆ ಸ್ನಾನ, ಬಟ್ಟೆ, ದುಡ್ಡಿನ ವ್ಯವಹಾರ, ಓಡಾಟ ಇಂಥ ದಿನದ ಕೆಲಸಗಳಲ್ಲಿ ಕಷ್ಟ. ಇದು ಚಿಕ್ಕಂದಿನಿಂದಲೇ ಇರಬೇಕು. ವರದಿಯಲ್ಲಿ ‘ಬಿನೆ–ಕಾಮತ್’ ಎಂಬ ಹೆಸರು ಕಾಣಬಹುದು. ಅದು ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆಂದೇ ಹೊಂದಿಸಿದ ಬುದ್ಧಿ ಪರೀಕ್ಷೆ. ಈಗಲೂ ಬಳಕೆಯಲ್ಲಿದೆ.

ಆಟಿಸಂ: ಬೇರೆಯವರ ಜೊತೆ ಬೆರೆಯುವುದು, ಮಾತುಕತೆ ನಡೆಸುವುದು ಬೇರೆ ರೀತಿ ಇರುತ್ತದೆ. ಒಂದೇ ಥರದ ಚಲನೆ, ಹಟ, ಸದ್ದು–ಬೆಳಕು–ಸ್ಪರ್ಶ ತಡೆಯಲಾಗದಿರುವುದೂ ಇರುತ್ತದೆ. ಪ್ರಮಾಣಪತ್ರಕ್ಕೆ ನಮ್ಮಲ್ಲಿ ಬಳಸುವುದು ‘ಐಸಾ’ ಎಂಬ ಭಾರತೀಯ ಅಳತೆ. ಅದರಲ್ಲಿ 40 ಅಂಶಗಳಿವೆ. 70ರಿಂದ 106 ಅಂಕ ಬಂದರೆ ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ.

ಎಡಿಎಚ್‌ಡಿ: ಗಮನ ನಿಲ್ಲದಿರುವುದು, ಕೂತಲ್ಲಿ ಕೂರಲಾಗದಿರುವುದು, ಯೋಚಿಸದೆ ಮುನ್ನುಗ್ಗುವುದು. ಇದು 12 ವರ್ಷದೊಳಗೆ ಶುರುವಾಗಿರಬೇಕು. ಮನೆ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ಕಾಣಬೇಕು. ಒಂದು ಎಚ್ಚರಿಕೆ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಪಟ್ಟಿ ಮಾಡಿದೆ. ಬೌದ್ಧಿಕ ವಿಕಲತೆ, ಆಟಿಸಂ, ಕಲಿಕಾ ನ್ಯೂನತೆ ಅದರಲ್ಲಿವೆ. ಎಡಿಎಚ್‌ಡಿ ಅದರಲ್ಲಿ ಪ್ರತ್ಯೇಕ ಹೆಸರಾಗಿ ಇಲ್ಲ. ಹಾಗಾಗಿ ಯುಡಿಐಡಿ, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡ್, ಅದರ ಪಟ್ಟಿ ಹಿಡಿದು ಹೊರಟರೆ ಎಡಿಎಚ್‌ಡಿ ಮಾತ್ರ ಇರುವವರು ಒಬ್ಬರೂ ಸಿಗುವುದಿಲ್ಲ. ಅವರನ್ನು ಹುಡುಕಬೇಕಾದ್ದು ಶಾಲೆಯಲ್ಲಿ, ಮಕ್ಕಳ ಡಾಕ್ಟರ ಬಳಿ, ಮನೋವೈದ್ಯರ ಬಳಿ.

ನಾಲ್ಕನೆಯ ಚೌಕ ಕಲಿಕಾ ನ್ಯೂನತೆಗೆ. ಒಬ್ಬರಿಗೇ ಎರಡು ಮೂರು ಇರಬಹುದು, ಆದ್ದರಿಂದ ‘ಒಂದನ್ನು ಮಾತ್ರ ಗುರುತಿಸಿ’ ಅಂತ ಬರೆಯಬೇಡಿ.

ಪ್ರತಿ ಚೌಕದ ಪಕ್ಕ ಇನ್ನೊಂದು ಪ್ರಶ್ನೆ ಬೇಕು: ಯಾರು ಹೇಳಿದ್ದು? ಡಾಕ್ಟರ ವರದಿ ಕಣ್ಣಾರೆ ನೋಡಿದಿರಾ, ಮನೆಯವರು ಹೇಳಿದರಾ, ಟೀಚರ್‌ಗೆ ಅನುಮಾನವಾ? ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಮತ್ತೆ, ನೀವಾಗಿ ಯಾರಿಗೂ ಹೆಸರು ಹಚ್ಚಬೇಡಿ. "ಇವನಿಗೆ ಆಟಿಸಂ ಇರಬಹುದು" ಅಂತ ಜಗಲಿಯಲ್ಲಿ ನಿಂತು ಹೇಳಿದ ಮಾತು ಆ ತಾಯಿಯನ್ನು ತಿಂಗಳುಗಟ್ಟಲೆ ಸುಡುತ್ತದೆ. ಅನುಮಾನ ಬಂದರೆ ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರಕ್ಕೆ, ತೋರಿಸಲು ಹೇಳಿ.

3. ಹುಡುಕುವುದು

ವಿಶೇಷ ಶಾಲೆಯ ಹಾಜರಿ ಪುಸ್ತಕ ಒಂದನ್ನೇ ನಂಬಬೇಡಿ. ಅಲ್ಲಿಗೆ ಬರಲಾಗುವವರು ಮಾತ್ರ ಅದರಲ್ಲಿರುತ್ತಾರೆ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲ್ಲೂಕಿನ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು), ಮನೆಗೇ ಹೋಗಿ ಪಾಠ ಹೇಳುವ ಬಿಐಇಆರ್‌ಟಿ ಶಿಕ್ಷಕರು, ಇವರೆಲ್ಲರ ಬಳಿ ಬೇರೆ ಬೇರೆ ಪಟ್ಟಿ ಇರುತ್ತದೆ. ನಾಲ್ಕನ್ನೂ ಸೇರಿಸಿ. ಒಂದೇ ಹುಡುಗ ನಾಲ್ಕು ಪಟ್ಟಿಯಲ್ಲೂ ನಾಲ್ಕು ಕಾಗುಣಿತದಲ್ಲಿ ಇರುತ್ತಾನೆ. ತಾಯಿಯ ಹೆಸರು, ಹುಟ್ಟಿದ ತಿಂಗಳು ಹೋಲಿಸಿ ನೋಡಿದರೆ ಗೊತ್ತಾಗುತ್ತದೆ.

ಸಾಮಾನ್ಯವಾಗಿ ತಪ್ಪಿಹೋಗುವವರು ಮೂರು ಥರದವರು. 18 ದಾಟಿ ಮನೆಯಲ್ಲೇ ಉಳಿದ ದೊಡ್ಡವರು. ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕೂರುವ, ಎಡಿಎಚ್‌ಡಿ ಇರುವ ಹುಡುಗಿಯರು. ಮತ್ತೆ, ನೆಂಟರಿಗೆ ಗೊತ್ತಾಗಬಾರದು ಅಂತ ಮನೆಯವರೇ ಮುಚ್ಚಿಟ್ಟವರು. ಈ ಮೂರನೆಯವರ ಮನೆಗೆ ಫಾರಂ ಹಿಡಿದು ನೇರವಾಗಿ ಹೋಗಬೇಡಿ. ಅಂಥದೇ ಮಗು ಇರುವ ಇನ್ನೊಬ್ಬ ತಾಯಿಯನ್ನು ಕರೆದುಕೊಂಡು ಹೋಗಿ. ನಾನು ನೋಡಿದ ಮಟ್ಟಿಗೆ ಆ ಬಾಗಿಲು ತೆರೆಯುವುದು ಹಾಗೆ ಮಾತ್ರ.

4. ಒಪ್ಪಿಗೆ

ಇದನ್ನು ಸಹಿ ಹಾಕಿಸುವ ಶಾಸ್ತ್ರ ಅಂತ ತಿಳಿಯಬೇಡಿ. ಕಾನೂನು ಇಲ್ಲಿ ಗಟ್ಟಿಯಾಗಿದೆ.

ಮಗು 18ರೊಳಗಿದ್ದರೆ ಹೆತ್ತವರ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಮಕ್ಕಳ ವಿಷಯದಲ್ಲಿ ಹೆತ್ತವರ ಖಚಿತ ಒಪ್ಪಿಗೆ ಕೇಳುತ್ತದೆ. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಐಸಿಎಂಆರ್‌, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಸಂಶೋಧನಾ ನಿಯಮಗಳ ಪ್ರಕಾರ 7 ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. 7ರಿಂದ 12ರವರೆಗೆ ಬಾಯಿಮಾತು, ಆಮೇಲೆ ಬರಹದಲ್ಲಿ.

18 ದಾಟಿದವರ ವಿಷಯದಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ. ತಾಯಿ–ತಂದೆ ಇದ್ದಾರೆ ಅಂದಮಾತ್ರಕ್ಕೆ ಅವರೇ ಕಾನೂನಿನ ಪ್ರಕಾರ ಪೋಷಕರು ಆಗಿರುವುದಿಲ್ಲ. ಬೌದ್ಧಿಕ ವಿಕಲತೆ, ಆಟಿಸಂ ಇದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಯಿಂದ ಪೋಷಕತ್ವದ ಆದೇಶ ಪಡೆದಿರಬೇಕು. ಇದೆಯಾ ಅಂತ ಕೇಳಿ. ಎಡಿಎಚ್‌ಡಿ ಮಾತ್ರ ಇರುವ 22 ವರ್ಷದ ಹುಡುಗನ ಒಪ್ಪಿಗೆ ಅವನೇ ಕೊಡಬೇಕು, ಅವನ ಅಮ್ಮ ಅಲ್ಲ. ಪೋಷಕತ್ವದ ಆದೇಶ ಇದ್ದರೂ ಆ ವ್ಯಕ್ತಿಗೆ ವಿಷಯ ತಿಳಿಸಿಯೇ ಮುಂದುವರಿಯಿರಿ.

ನಿಮ್ಮದು ಸಂಶೋಧನೆ ಎನ್ನುವಂತಿದ್ದರೆ 2016ರ ಕಾಯ್ದೆಯ 6ನೇ ಸೆಕ್ಷನ್ ಓದಿಕೊಳ್ಳಿ. ವಿಕಲಚೇತನರಿಗೆ ಅರ್ಥವಾಗುವ ರೀತಿಯಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು. ಇದಕ್ಕೆಂದೇ ರಚಿಸಿದ ಸಮಿತಿಯ ಅನುಮತಿಯೂ ಮೊದಲೇ ಬೇಕು. ಆ ಸಮಿತಿಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಜನ ವಿಕಲಚೇತನರು ಅಥವಾ ಅವರ ನೋಂದಾಯಿತ ಸಂಘದವರು ಇರಬೇಕು. ರಾಜ್ಯದ ವಿಕಲಚೇತನರ ಆಯುಕ್ತರ ಕಚೇರಿಗೆ ಮೊದಲೇ ಪತ್ರ ಬರೆದು ಕೇಳಿ.

ಒಪ್ಪಿಗೆ ಕೇಳುವ ಹಾಳೆ ಒಂದೇ ಪುಟ ಇರಲಿ. ಒಂದು ಸಾಲಿಗೆ ಒಂದು ಚಿತ್ರ. "ನಾವು ನಿನ್ನ ತೂಕ ನೋಡ್ತೀವಿ" – ತೂಕದ ಮೆಷಿನ್ ಚಿತ್ರ. "ಬರೆದುಕೊಳ್ತೀವಿ" – ಪೆನ್ನು. "ಬೇಡ ಅಂದ್ರೆ ನಿಲ್ಲಿಸ್ತೀವಿ" – ಎತ್ತಿದ ಅಂಗೈ. ಮಾತು ಬಾರದವರು ತಲೆ ತಿರುಗಿಸುವುದು, ಎದ್ದು ಹೋಗುವುದು, ನಿಮ್ಮ ಕೈ ತಳ್ಳುವುದು, ಎಲ್ಲವೂ ‘ಬೇಡ’ ಎಂದೇ ಅರ್ಥ. ಅಮ್ಮ "ಪರವಾಗಿಲ್ಲ, ನೀವು ನೋಡಿ" ಅಂದರೂ ನಿಲ್ಲಿಸಿ.

ಇನ್ನೊಂದು ಮಾತನ್ನು ಒಪ್ಪಿಗೆಯ ಹೊತ್ತಿನಲ್ಲೇ ಹೇಳಿಬಿಡಿ. ಹೇಳಿದ್ದೆಲ್ಲ ಗುಟ್ಟಾಗಿರುತ್ತದೆ, ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದರೆ ಮುಚ್ಚಿಡಲು ಆಗುವುದಿಲ್ಲ. ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ನಿಮ್ಮ ಫೋನಿನಲ್ಲಿರಲಿ.

5. ಪ್ರಶ್ನೆಗಳು

ಈ ಭಾಗಕ್ಕೆ ಜಾಸ್ತಿ ಸಮಯ ಕೊಡಿ.

ಡಾಕ್ಟರುಗಳೂ ಸೇರಿದಂತೆ ಎಲ್ಲರೂ ಮಾಡುವ ಒಂದು ತಪ್ಪಿದೆ. ಇವರಲ್ಲಿ ಯಾವ ಬದಲಾವಣೆ ಕಂಡರೂ "ಅವನು ಹಂಗೇ" ಅಂದು ವಿಕಲತೆಯ ತಲೆಗೆ ಕಟ್ಟುವುದು. ಒಬ್ಬ ಹದಿನಾಲ್ಕು ವರ್ಷದ ಹುಡುಗ, ಮಾತಿಲ್ಲ. ಎರಡು ತಿಂಗಳಿಂದ ಊಟದ ಹೊತ್ತಿಗೆ ಸ್ಟೀಲ್ ಲೋಟದ ಅಂಚನ್ನು ಕಚ್ಚಿ ಹಿಡಿದು, ಎಡಗೈಯಿಂದ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದ. ಫಾರಂನಲ್ಲಿ ಬರೆದದ್ದು ‘ಹಟ, ಸಿಟ್ಟು ಜಾಸ್ತಿ’. ಲೋಟವನ್ನು ತಿರುಗಿಸಿ ನೋಡಿದಾಗ ಹಲ್ಲಿನ ಗುರುತೆಲ್ಲ ಬಲಗಡೆಯದೇ. ಟಾರ್ಚ್ ಬಿಟ್ಟು ನೋಡಿದರೆ ಎಡಗಡೆ ಕೆಳದವಡೆಯ ಹಲ್ಲು ಹುಳುಕಾಗಿ ಒಸಡು ಊದಿತ್ತು. ಹಲ್ಲು ಕೀಳಿಸಿದ ವಾರಕ್ಕೆ ಹೊಡೆದುಕೊಳ್ಳುವುದು ನಿಂತಿತು.

ಆದ್ದರಿಂದ ‘ವರ್ತನೆಯ ಸಮಸ್ಯೆ ಇದೆಯೇ?’ ಅಂತ ಕೇಳಬೇಡಿ. ಹೀಗೆ ಕೇಳಿ: ಇತ್ತೀಚೆಗೆ ಏನು ಬದಲಾಗಿದೆ? ಯಾವಾಗಿನಿಂದ? ದಿನದ ಯಾವ ಹೊತ್ತಲ್ಲಿ? ದೇಹದ ಯಾವ ಭಾಗ ಮುಟ್ಟಿಕೊಳ್ತಾನೆ?

ಫಿಟ್ಸ್: "ಮೂರ್ಛೆ ರೋಗ ಇದೆಯಾ?" ಅಂದರೆ ಮದುವೆ ಸಂಬಂಧ ತಪ್ಪೀತು ಅನ್ನುವ ಭಯಕ್ಕೆ ಮನೆಯವರು ಇಲ್ಲ ಅನ್ನುತ್ತಾರೆ. "ಯಾವತ್ತಾದರೂ ಎಚ್ಚರ ತಪ್ಪಿ ಕೈಕಾಲು ಸೆಳೆದುಕೊಂಡಿತ್ತಾ? ಕರೆದರೂ ಓಗೊಡದೆ ಕಣ್ಣು ಒಂದೇ ಕಡೆ ನಿಂತುಬಿಡುತ್ತಾ?" ಅಂತ ಕೇಳಿ. ಕೊನೆಯ ಸಲ ಯಾವಾಗ ಬಂತು, ಎಷ್ಟು ನಿಮಿಷ, ಯಾವ ಕಡೆಯಿಂದ ಶುರುವಾಯಿತು, ಮಾತ್ರೆ ತಪ್ಪಿಸಿದ್ದರಾ? ಮುಂದಿನ ಸಲ ಫೋನಿನಲ್ಲಿ ವಿಡಿಯೊ ಮಾಡಿಟ್ಟು ಡಾಕ್ಟರಿಗೆ ತೋರಿಸಲು ಹೇಳಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಬೇಕು, ಬಾಯಿಗೆ ಏನೂ ತುರುಕಬಾರದು ಅನ್ನುವುದನ್ನೂ ಆಗಲೇ ಹೇಳಿಬಿಡಿ.

ಕಿವಿ, ಕಣ್ಣು: ಕೊನೆಯ ಬಾರಿ ಪರೀಕ್ಷೆ ಮಾಡಿಸಿದ್ದು ಯಾವ ವರ್ಷ? ಕಿವಿ ಸೋರುತ್ತಾ, ಗುಗ್ಗೆ ಕಟ್ಟಿದೆಯಾ? ಕರೆದಾಗ ತಿರುಗದಿರುವುದು ಆಟಿಸಂನಿಂದಲೋ ಕಿವುಡಿನಿಂದಲೋ ಅನ್ನುವುದು ಪರೀಕ್ಷೆ ಇಲ್ಲದೆ ತಿಳಿಯುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಚಿಕ್ಕ ಮಕ್ಕಳಿಗೂ ಕಿವಿಯ ಪರೀಕ್ಷೆ ಮಾಡುತ್ತಾರೆ.

ಹೊಟ್ಟೆ: ವಾರಕ್ಕೆ ಎಷ್ಟು ಸಲ ಮೋಷನ್ ಆಗುತ್ತೆ, ಗಟ್ಟಿಯೋ, ಅಳುತ್ತಾ ಹೋಗ್ತಾನೋ? ಮಲಬದ್ಧತೆ ಈ ಗುಂಪಿನಲ್ಲಿ ತುಂಬ ಸಾಮಾನ್ಯ, ಕೇಳುವವರು ಕಡಿಮೆ. ಊಟದಲ್ಲಿ ಏನೇನು ಮುಟ್ಟುತ್ತಾನೆ? ಅನ್ನ–ಮೊಸರು ಬಿಟ್ಟು ಬೇರೇನೂ ತಿನ್ನದ ಮಗುವಿಗೆ ರಕ್ತಹೀನತೆ ಇದೆಯಾ ಅಂತ ನೋಡಿಸಬೇಕು. ಮಣ್ಣು, ಸುಣ್ಣ, ಕಾಗದ ತಿನ್ನುತ್ತಾನಾ?

ನಿದ್ದೆ: ಎಷ್ಟು ಗಂಟೆಗೆ ಮಲಗ್ತಾನೆ ಅನ್ನುವುದಕ್ಕಿಂತ, ಎಷ್ಟು ಹೊತ್ತಿಗೆ ನಿದ್ದೆ ಹತ್ತುತ್ತೆ, ರಾತ್ರಿ ಎಷ್ಟು ಸಲ ಏಳ್ತಾನೆ. ಅಮ್ಮ ಎಷ್ಟು ಗಂಟೆ ಮಲಗುತ್ತಾರೆ ಅಂತಲೂ ಕೇಳಿ.

ಮಾತ್ರೆ: ಹೆಸರು ಬಾಯಲ್ಲಿ ಕೇಳಬೇಡಿ, ಮಾತ್ರೆಯ ಸ್ಟ್ರಿಪ್ ತರಿಸಿ ನೋಡಿ ಬರೆದುಕೊಳ್ಳಿ. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಯಾವ ವರ್ಷದಿಂದ, ಕೊನೆಯ ಸಲ ಡಾಕ್ಟರ್ ನೋಡಿದ್ದು ಯಾವಾಗ. ಸಿಟ್ಟು, ಉದ್ರೇಕ ತಗ್ಗಿಸಲು ಕೊಡುವ ರಿಸ್ಪೆರಿಡೋನ್ ತೆಗೆದುಕೊಳ್ಳುವವರಿಗೆ ತೂಕ ಏರಬಹುದು, ಸಕ್ಕರೆ ಕಾಯಿಲೆಯ ಕಡೆ ಗಮನ ಇರಬೇಕು. ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್ ತೆಗೆದುಕೊಳ್ಳುವ ಮಕ್ಕಳಿಗೆ ಹಸಿವು ಇಂಗಬಹುದು. ಅವರ ಎತ್ತರ, ತೂಕ, ನಾಡಿ, ಬಿಪಿಯನ್ನು ಆರು ತಿಂಗಳಿಗೊಮ್ಮೆಯಾದರೂ ನೋಡಬೇಕು. ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ, ಆದ್ದರಿಂದ ಪ್ರಾಯಕ್ಕೆ ಬಂದ ಹುಡುಗಿ ಅದನ್ನು ತೆಗೆದುಕೊಳ್ಳುತ್ತಿದ್ದರೆ ಗುರುತು ಹಾಕಿ ಡಾಕ್ಟರಿಗೆ ತಿಳಿಸಿ. ಆದರೆ ಯಾರ ಮಾತ್ರೆಯನ್ನೂ ನೀವು ನಿಲ್ಲಿಸಲು ಹೇಳಬೇಡಿ. ಫಿಟ್ಸ್ ಮಾತ್ರೆ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಡೌನ್ ಸಿಂಡ್ರೋಮ್ (ಒಂದು ವರ್ಣತಂತು ಹೆಚ್ಚಿಗೆ ಇದ್ದು ಹುಟ್ಟಿನಿಂದಲೇ ಬರುವ ಸ್ಥಿತಿ) ಇರುವವರಿಗೆ ಎರಡು ಪ್ರಶ್ನೆ ಜಾಸ್ತಿ ಬೇಕು: ಹೃದಯದ ಎಕೋ ಸ್ಕ್ಯಾನ್ ಆಗಿದೆಯಾ, ಥೈರಾಯ್ಡ್ ಪರೀಕ್ಷೆ ಪ್ರತಿ ವರ್ಷ ಆಗುತ್ತಾ? ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ.

ಮುಟ್ಟಿನ ಪ್ರಶ್ನೆಗಳನ್ನು ಹೆಣ್ಣುಮಕ್ಕಳೇ ಕೇಳಲಿ, ಒಳಗಿನ ಕೋಣೆಯಲ್ಲಿ. ಆ ದಿನಗಳಲ್ಲಿ ನೋವು ಜಾಸ್ತಿಯಾಗಿ ಗಲಾಟೆ ಮಾಡುತ್ತಾಳಾ? ಫಿಟ್ಸ್ ಆ ದಿನಗಳಲ್ಲೇ ಜಾಸ್ತಿಯಾ? ಗರ್ಭಕೋಶ ತೆಗೆಸಿದ್ದಾರಾ ಅನ್ನುವ ಪ್ರಶ್ನೆ ಕೇಳಲು ಕಷ್ಟ. ಆದರೆ ಕೇಳಬೇಕು.

ಇನ್ನು, ಮಾತು ಬರುವವರನ್ನು ಅವರನ್ನೇ ಕೇಳಿ. "ಅವನಿಗೆ ಏನು ತಿಳಿಯುತ್ತೆ" ಅಂತ ಮನೆಯವರು ಉತ್ತರಿಸಲು ಮುಂದೆ ಬರುತ್ತಾರೆ. ಅವರದ್ದನ್ನೂ ಬರೆದುಕೊಳ್ಳಿ, ಇವನದ್ದನ್ನೂ ಬರೆದುಕೊಳ್ಳಿ, ಯಾರ ಉತ್ತರ ಯಾವುದು ಅಂತ ಗುರುತಿರಲಿ. ಬೌದ್ಧಿಕ ವಿಕಲತೆ ಇರುವ ಎಷ್ಟೋ ಜನ ಎದುರಿನವರನ್ನು ಮೆಚ್ಚಿಸಲು ಎಲ್ಲದಕ್ಕೂ "ಹೂಂ" ಅನ್ನುತ್ತಾರೆ. ಹಾಗಾಗಿ ಹೌದು–ಅಲ್ಲ ಪ್ರಶ್ನೆಯ ಬದಲು ಆಯ್ಕೆ ಕೊಡಿ: "ನೋವು ಇಲ್ಲಿಯಾ, ಅಲ್ಲಿಯಾ?" ಅಂತ ಗೊಂಬೆಯ ಮೇಲೆ ತೋರಿಸಿ. ಆಮೇಲೆ ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿ. ಪ್ರಶ್ನೆ ಕೇಳಿ ಹತ್ತು ಎಣಿಸುವಷ್ಟು ಹೊತ್ತು ಸುಮ್ನೆ ಕಾಯಿರಿ. ಆಟಿಸಂ ಇರುವವರಿಗೆ ಅಷ್ಟು ಸಮಯ ಬೇಕು.

6. ಮನೆಯಲ್ಲಿ ಅಳತೆ

ಹಿಂದಿನ ದಿನವೇ ಫೋನ್ ಮಾಡಿ, ಯಾರು ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ ಅಂತ ಹೇಳಿ. ಊಟ, ನಿದ್ದೆಯ ಹೊತ್ತು ಬೇಡ. ಒಂದೇ ಮನೆಗೆ ಐದು ಜನ ನುಗ್ಗಬೇಡಿ, ಇಬ್ಬರು ಸಾಕು. ಗಾಢ ಸೆಂಟು ಹಾಕಿಕೊಂಡು ಹೋಗಬೇಡಿ.

ತೂಕದ ಮೆಷಿನ್ ಮೇಲೆ ಮೊದಲು ನೀವೇ ನಿಂತು ತೋರಿಸಿ. ಮಗು ನಿಲ್ಲದಿದ್ದರೆ ಅಮ್ಮ ಎತ್ತಿಕೊಂಡು ನಿಲ್ಲಲಿ, ಆಮೇಲೆ ಅಮ್ಮ ಒಬ್ಬರೇ ನಿಲ್ಲಲಿ, ಕಳೆದುಕೊಳ್ಳಿ. ಬಿಪಿ ಪಟ್ಟಿಯನ್ನು ಮೊದಲು ಅಪ್ಪನ ಕೈಗೆ ಕಟ್ಟಿ ತೋರಿಸಿ. ಹಿಡಿದು ಕೂರಿಸಿ ಅಳೆಯಬೇಡಿ. ಆ ನಂಬರು ಸರಿಯಾಗಿರುವುದಿಲ್ಲ, ಮುಂದೆ ಆಸ್ಪತ್ರೆಯಲ್ಲಿ ಯಾರಿಗೂ ಅವನು ಕೈ ಕೊಡುವುದಿಲ್ಲ.

7. ಬರೆದುಕೊಳ್ಳುವುದು, ಕಂಪ್ಯೂಟರಿಗೆ ಹಾಕುವುದು

ಖಾಲಿ ಬಿಟ್ಟ ಚೌಕ ದೊಡ್ಡ ಶತ್ರು. ‘ಫಿಟ್ಸ್’ ಎದುರು ಖಾಲಿ ಇದ್ದರೆ ಏನರ್ಥ? ಇಲ್ಲವೋ, ಗೊತ್ತಿಲ್ಲವೋ, ಕೇಳಲಿಲ್ಲವೋ? ಹಾಗಾಗಿ ನಾಲ್ಕು ಗುರುತು ಇಟ್ಟುಕೊಳ್ಳಿ: ಇಲ್ಲ, ಗೊತ್ತಿಲ್ಲ, ಹೇಳಲು ಒಪ್ಪಲಿಲ್ಲ, ಕೇಳಲಿಲ್ಲ. ಅಳತೆಗೆ ‘ಬಿಡಲಿಲ್ಲ’ ಅಂತ ಐದನೆಯದು. ಒಬ್ಬರಿಗೆ ಒಂದೇ ಸಾಲು. ವಯಸ್ಸು ಬರೆಯಬೇಡಿ, ಹುಟ್ಟಿದ ದಿನ ಬರೆಯಿರಿ, ತಾಯಿ ಕಾರ್ಡಿನಲ್ಲಿ ಇರುತ್ತದೆ. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 03-04 ಅಂದರೆ ಕೆಲವು ಕಂಪ್ಯೂಟರುಗಳು ಮಾರ್ಚ್ ಅಂದುಕೊಳ್ಳುತ್ತವೆ.

ಕನ್ನಡದಲ್ಲಿ ಟೈಪ್ ಮಾಡುವುದಾದರೆ ಯೂನಿಕೋಡ್‌ನಲ್ಲೇ ಮಾಡಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಹಾಕಿದ್ದು ಬೇರೆ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಅಕ್ಷರವಾಗಿ ಬಿಡುತ್ತದೆ, ಹುಡುಕಲೂ ಆಗುವುದಿಲ್ಲ. ಒಬ್ಬರು ‘ಫಿಟ್ಸ್’, ಇನ್ನೊಬ್ಬರು ‘ಪಿಡ್ಸ್’, ಮತ್ತೊಬ್ಬರು ‘ಮೂರ್ಛೆ’ ಅಂತ ಹಾಕಿದರೆ ಕಂಪ್ಯೂಟರಿಗೆ ಅದು ಮೂರು ಕಾಯಿಲೆ. ಪದಗಳ ಪಟ್ಟಿ ಮೊದಲೇ ಮಾಡಿ ಅದರಿಂದಲೇ ಆರಿಸುವಂತೆ ಇಡಿ.

ಇದನ್ನೆಲ್ಲ ಮೊದಲು ಐದು ಮನೆಗಳಲ್ಲಿ ಮಾಡಿ ನೋಡಿ. ಅರ್ಧ ಪ್ರಶ್ನೆ ಬದಲಾಗುತ್ತವೆ. ಬದಲಾಗಲಿ.

8. ಜೋಪಾನ

ಹೆಸರು, ಫೋನ್ ನಂಬರು ಒಂದು ಪುಸ್ತಕದಲ್ಲಿ. ಆರೋಗ್ಯದ ಉತ್ತರಗಳು ಇನ್ನೊಂದರಲ್ಲಿ. ಎರಡಕ್ಕೂ ನಡುವೆ ಒಂದು ಸಂಖ್ಯೆ ಮಾತ್ರ. ಮೊದಲ ಪುಸ್ತಕ ಬೀಗದ ಪೆಟ್ಟಿಗೆಯಲ್ಲಿ. ವಾಟ್ಸಾಪ್ ಗುಂಪಿಗೆ ಫಾರಂನ ಫೋಟೊ ಹಾಕಬೇಡಿ, ‘ಇವತ್ತಿನ ಭೇಟಿ’ ಅಂತ ಮಗುವಿನ ಫೋಟೊವನ್ನೂ ಹಾಕಬೇಡಿ. ದುಡ್ಡು ಕೊಟ್ಟವರು ಕೇಳಿದರೂ ಬೇಡ. ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಆಮೇಲೆ ಹೇಗೆ ನಾಶ ಮಾಡುತ್ತೀರಿ ಅಂತ ಒಪ್ಪಿಗೆ ಹಾಳೆಯಲ್ಲೇ ಹೇಳಿ.

9. ಲೆಕ್ಕ ಹೇಳುವಾಗ

ಏಳು ಜನರಲ್ಲಿ ನಾಲ್ಕು ಜನರಿಗೆ ಹುಳುಕು ಹಲ್ಲು ಇದ್ದರೆ ‘7ರಲ್ಲಿ 4’ ಅನ್ನಿ. ‘ಶೇ 57’ ಅಂದರೆ ಏನೋ ದೊಡ್ಡ ಸಮೀಕ್ಷೆ ಅನ್ನಿಸುತ್ತದೆ. ‘ಗೊತ್ತಿಲ್ಲ’ ಅಂದವರು ಎಷ್ಟು ಜನ ಅಂತಲೂ ಹೇಳಿ. ನಿಮಗೆ ಸಿಕ್ಕವರ ಸಂಖ್ಯೆಯನ್ನು ತಾಲ್ಲೂಕಿನಲ್ಲಿ ಇರುವವರ ಸಂಖ್ಯೆ ಅಂತ ಹೇಳಬೇಡಿ.

ಐದಕ್ಕಿಂತ ಕಡಿಮೆ ಜನರಿರುವ ಗುಂಪಿನ ಅಂಕಿಯನ್ನು ಊರಿನ ಹೆಸರಿನೊಂದಿಗೆ ಹೊರಗೆ ಕೊಡಬೇಡಿ. ಒಂದು ಹಳ್ಳಿಯಲ್ಲಿ ಡೌನ್ ಸಿಂಡ್ರೋಮ್ ಇರುವ 19 ವರ್ಷದ ಹುಡುಗಿ ಒಬ್ಬಳೇ ಇರುತ್ತಾಳೆ. ಹೆಸರು ಬರೆಯದಿದ್ದರೂ ಇಡೀ ಊರಿಗೆ ಗೊತ್ತಾಗುತ್ತದೆ ಅಲ್ವಾ? ಹೋಬಳಿ ಮಟ್ಟದಲ್ಲಿ ಸೇರಿಸಿ ಹೇಳಿ.

10. ಮನೆಗೆ ವಾಪಸ್ಸು

ಎಷ್ಟೋ ಮನೆಗಳಲ್ಲಿ ನನಗೆ ಹೇಳಿದ್ದಾರೆ: "ಬರ್ಕೊಂಡು ಹೋದೋರು ಮತ್ತೆ ಬರ್ಲೇ ಇಲ್ಲ." ಹದಿನೈದು ದಿನದೊಳಗೆ ತಿರುಗಿ ಹೋಗಿ. ಏನು ಕಂಡಿತು, ಎಲ್ಲಿಗೆ ಹೋಗಬೇಕು ಅಂತ ಹೇಳಿ. ಶಾಲೆ–ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ, ಅಂದರೆ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆಯ ತಂಡ, 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತದೆ, ಅವರಿಗೆ ನಿಮ್ಮ ಪಟ್ಟಿಯನ್ನು ಮನೆಯವರ ಒಪ್ಪಿಗೆಯಿಂದ ಕೊಡಿ. ಆಟಿಸಂ, ಬೌದ್ಧಿಕ ವಿಕಲತೆ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಮಾಡಿಸಿದ್ದಾರಾ ಕೇಳಿ.

ಜೊತೆಗೆ ಪ್ರತಿಯೊಬ್ಬರಿಗೂ ಒಂದು ಪುಟದ ಆರೋಗ್ಯ ಚೀಟಿ ಬರೆದು ಕೊಡಿ. ಆಸ್ಪತ್ರೆಗೆ ಹೋದಾಗ ಡಾಕ್ಟರ ಮೇಜಿನ ಮೇಲೆ ಇಡುವಂಥದ್ದು. ದಪ್ಪ ಅಕ್ಷರ, ಪ್ಲಾಸ್ಟಿಕ್ ಕವರ್. ಅದರಲ್ಲಿ ಹೀಗೆ ಇರಲಿ:

‘ನನಗೆ ಮಾತು ಬರುವುದಿಲ್ಲ, ಆದರೆ ನೀವು ಹೇಳುವುದು ಅರ್ಥವಾಗುತ್ತದೆ. ನೋವಾದಾಗ ನಾನು ಅಳುವುದಿಲ್ಲ, ಕೈ ಕಚ್ಚಿಕೊಳ್ಳುತ್ತೇನೆ. ನನಗೆ ಫಿಟ್ಸ್ ಬರುತ್ತದೆ, ಮಾತ್ರೆಯ ಹೆಸರು ಈ ಚೀಟಿಯ ಹಿಂಬದಿಯಲ್ಲಿದೆ. ಫ್ಯಾನಿನ ಸದ್ದು ತಡೆಯಲು ಆಗುವುದಿಲ್ಲ, ದಯವಿಟ್ಟು ಆರಿಸಿ. ಸೂಜಿ ಹಾಕುವ ಮೊದಲು ತೋರಿಸಿ. ಕ್ಯೂನಲ್ಲಿ ಕಾಯುವುದು ಕಷ್ಟ, ಹೊರಗೆ ಮರದ ಕೆಳಗೆ ಇರುತ್ತೇನೆ, ನನ್ನ ಸರದಿ ಬಂದಾಗ ಅಮ್ಮನಿಗೆ ಫೋನ್ ಮಾಡಿ.’